ಹಂತ ಗೊತ್ತುಮಾಡುವ ಕೃಪಾ ಮೇಡಂ

ವಡೋದರಾದ ನಮ್ಮ ಕಾಲೇಜಿಗೆ ಸ್ಪ್ಯಾನಿಷ್ ಕಲಿಯಲು ಬಂದವರನ್ನು ಯಾವ ಹಂತದ ಕ್ಲಾಸಿಗೆ ಸೇರಿಸಬೇಕೆಂದು ತೀರ್ಮಾನಿಸುವವರು ಕೃಪಾ ಮೇಡಂ. ಮಾರ್ಕ್ಸ್ ಕಾರ್ಡನ್ನು ಅವರು ತೆರೆದೂ ನೋಡುವುದಿಲ್ಲ. "ಮೊಬೈಲಿನಲ್ಲಿ ನಾನೂರು ದಿನ ಕಲಿತಿದ್ದೇನೆ, ನೇರ ಮೂರನೇ ಹಂತಕ್ಕೆ ಹಾಕಿ" ಎಂದು ಬೀಗುತ್ತ ಬಂದವನನ್ನು, ಬೆಳಿಗ್ಗೆ ಏನು ತಿಂದೆ ಎಂದು ಸ್ಪ್ಯಾನಿಷ್‌ನಲ್ಲೇ ಕೇಳುತ್ತಾರೆ. ಅವನು "ಫಾಫಡಾ" ಎಂದು ಸುಮ್ಮನಾದರೆ ಮೊದಲ ಹಂತ. ಜೊತೆಗಿದ್ದ ಚಟ್ನಿಯನ್ನೂ ವರ್ಣಿಸಿದರೆ ಎರಡನೆಯದು. ಚಟ್ನಿ ಕೆಟ್ಟಿತ್ತೆಂದು ಜಗಳಕ್ಕೇ ನಿಂತರೆ ಮಾತ್ರ ಮೂರನೆಯದು. ಬಾಗಿಲು ತಟ್ಟುವ ಸದ್ದಿನಲ್ಲೇ ಅವರಿಗೆ ಹಂತ ತಿಳಿಯುತ್ತದೆಂದು ನಮ್ಮ ಪ್ಯೂನ್ ಆಣೆಯಿಟ್ಟು ಹೇಳುತ್ತಾನೆ. ನನ್ನ ಕುತೂಹಲವೆಲ್ಲ ಆಮೇಲಿನದರ ಬಗ್ಗೆ. ಕೆಳಗಿನ ಹಂತ ಸಿಕ್ಕವರನ್ನು ಮೇಡಂ ತಾವೇ ಕ್ಲಾಸಿನವರೆಗೆ ಕರೆದೊಯ್ದು, ಬೆಂಚಿನಲ್ಲಿ ಅವರ ಪಕ್ಕ ಹತ್ತು ನಿಮಿಷ ಕೂತು ಬರುತ್ತಾರೆ. "ಯಾಕ್ರೀ ಮೇಡಂ?" ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರ ಧಾರವಾಡದ ಮಾತು ಹೊರಬಂತು: "ರೈಲ್ವೇದಾಗಿದ್ದ ನಮ್ಮಪ್ಪಗ ಉಧ್ನಾಕ್ಕ ವರ್ಗ ಆತು. ಗುಜರಾತಿ ಬರಂಗಿಲ್ಲಂತ ಅಲ್ಲಿ ಸಾಲ್ಯಾಗ ನನ್ನ ಐದನೇ ಕ್ಲಾಸಿನಿಂದ ಮೂರಕ್ಕ ಇಳಿಸಿ, ನನ್ನ ತಮ್ಮನ ಬಾಜೂಕ ಕುಂದ್ರಿಸಿದ್ರು. ಅವತ್ತಿನಿಂದ ಅಂವ ನನಗ ಅಕ್ಕಾ ಅನ್ನೋದ ಬಿಟ್ಟ."