ಬಾಗಿಲು ಆಗ ಹಳ್ಳದ ಕಡೆಗಿತ್ತು: ಶ್ರೀಮತಿ ಓಪಲ್ ಟ್ಯಾಕೆಟ್ ಅವರ ಸೇವೆಯನ್ನು ನೆನೆದು

ಪೂರ್ವ ಕೆಂಟಕಿಯ ಬೆಟ್ಟಸೀಮೆಯಲ್ಲಿ ತನ್ನ ಮುತ್ತಜ್ಜ ಯಾರೆಂದು ತಿಳಿಯಬಯಸಿದ ಯಾರೇ ಆಗಲಿ, ಒಂದಲ್ಲ ಒಂದು ದಿನ ನಮ್ಮ ಸಾರ್ವಜನಿಕ ಗ್ರಂಥಾಲಯದ ವಂಶಾವಳಿ ಕೊಠಡಿಯ ಮೆಟ್ಟಿಲು ಹತ್ತಲೇಬೇಕು. ಸತ್ತವರೆಲ್ಲರ ಗುರುತು ಬಲ್ಲ, ಬದುಕಿರುವವರ ಮುಲಾಜಿಗೆ ಬೀಳದ ಆ ಕೊಠಡಿಯ ಒಡತಿ ಶ್ರೀಮತಿ ಓಪಲ್ ಟ್ಯಾಕೆಟ್ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ.

ಅವರು ಸೇವೆಗೆ ಸೇರಿದಾಗ ಆ ಕೊಠಡಿ ಪೊರಕೆ ಇಡುವ ಗೂಡಾಗಿತ್ತು. ಜನಗಣತಿಯ ಸುರುಳಿಗಳು, ಮದುವೆಯ ದಾಖಲೆಗಳು, ಊರವರು ಅಟ್ಟದಿಂದ ಇಳಿಸಿ ತಂದುಕೊಟ್ಟ ಫೋಟೋ ಪೆಟ್ಟಿಗೆಗಳು, ಎಲ್ಲವನ್ನೂ ಅವರು ಅಲ್ಲಿ ಕೂಡಿಟ್ಟರು. ಮೇ ತಿಂಗಳ ಹೂವಿನ ಭಾನುವಾರಗಳಂದು ಮನೆಮಂದಿಯೆಲ್ಲ ಸ್ಮಶಾನಕ್ಕೆ ಹೋಗಿ, ಹಿರಿಯರ ಗೋರಿ ಗುಡಿಸಿ ಹೂವಿಟ್ಟು, ಅಲ್ಲೇ ಬಟ್ಟೆ ಹಾಸಿ ಊಟಕ್ಕೆ ಕೂತಾಗ, ಓಪಲ್ ಅವರು ಒಂದು ಕೈಯಲ್ಲಿ ಕೋಳಿಯ ತುಂಡು, ಇನ್ನೊಂದರಲ್ಲಿ ಪೆನ್ಸಿಲ್ ಹಿಡಿದು ಯಾವ ಕಲ್ಲಿನಡಿ ಯಾರೆಂದು ಕೇಳುತ್ತ ತಿರುಗುತ್ತಿದ್ದರು. ತಮ್ಮದು ರಾಜವಂಶವೆಂದು ನಂಬಿ ಬಂದವರಿಗೆ ಮುತ್ತಜ್ಜ ಕುದುರೆಗಳ್ಳನೆಂದು ತಿಳಿಸುವ ಮುನ್ನ ಅವರು ಕಾಫಿ ಕೊಡುತ್ತಿದ್ದರು. ಕಾಫಿ ಬಂತೆಂದರೆ ಗಂಡಾಂತರ ಕಾದಿದೆಯೆಂದು ನಮಗೆಲ್ಲ ಗೊತ್ತಿತ್ತು.

ಹೆದ್ದಾರಿ ಅಗಲವಾಗುವಾಗ ಹಳ್ಳದ ದಂಡೆಯ ಹಳೆಯ ಸ್ಮಶಾನವನ್ನು ತೆರವು ಮಾಡಬೇಕಾಗಿ ಬಂದ ಸಂದರ್ಭವನ್ನಂತೂ ಮರೆಯಲಾಗದು. ಬಂಧುಗಳು ರುಜುವಾತಿನೊಡನೆ ಕೇಳಿದ ಗೋರಿಗಳನ್ನು ಅವರು ಬಯಸಿದೆಡೆ ಸಾಗಿಸುವುದು, ಉಳಿದವರನ್ನೆಲ್ಲ ಒಂದೇ ಗುಂಡಿಯಲ್ಲಿ ಹೂಳುವುದು ಎಂದು ತೀರ್ಮಾನವಾಗಿತ್ತು. ಗಣಿ ಕೆಲಸದಿಂದ ನಿವೃತ್ತರಾದ ಹರ್ಶೆಲ್ ಸ್ಲೋನ್ ಅವರಿಗೆ ತಾಯಿ ರೋಡಾಳನ್ನು ಪಟ್ಟಣದಲ್ಲಿ ತಂದೆಯ ಪಕ್ಕಕ್ಕೆ ತರಬೇಕಿತ್ತು. ತಾಯಿ ತೀರಿಕೊಂಡಾಗ ಅವರಿನ್ನೂ ಮಗು. ತಂದೆ ಅವರನ್ನು ಎತ್ತಿಕೊಂಡು ಊರು ಬಿಟ್ಟಿದ್ದರು. ಸ್ಮಶಾನದ ಚರ್ಚಿನ ಬಾಗಿಲಿಂದ ಹೊರಬಂದರೆ ಎಡಕ್ಕೆ, ಬೇಲಿಯ ಪಕ್ಕದ ಹೆಸರಿಲ್ಲದ ಕಲ್ಲು ಎಂದು ತಂದೆ ಸಾಯುವಾಗ ಹೇಳಿದ್ದ ಗುರುತು ಹಿಡಿದು, ಮಗ ಐವತ್ತು ವರ್ಷ ಆ ಕಲ್ಲಿಗೆ ಹೂವಿಟ್ಟಿದ್ದರು.

ರೋಡಾಳ ಮಗನೇ ಹರ್ಶೆಲ್ ಎಂಬ ರುಜುವಾತು ಓಪಲ್ ಅವರಿಗೆ ಸುಲಭವಾಗಿಯೇ ಸಿಕ್ಕಿತು. ಗೋರಿ ಕೋರಿದ ಅರ್ಜಿಗಳ ವಿಚಾರಣೆಗೆ ಎರಡು ದಿನವಿರುವಾಗ, ಹರ್ಶೆಲ್ ಅವರಿಗೆ ಕೊಡಲೊಂದು ನೆನಪಿನ ಚಿತ್ರವಿರಲೆಂದು ಅವರು ಫೋಟೋ ಪೆಟ್ಟಿಗೆ ತೆರೆದದ್ದೇ ತಪ್ಪಾಯಿತು. ಹಳೆಯ ಫೋಟೋದಲ್ಲಿ ಚರ್ಚಿನ ಮೆಟ್ಟಿಲು ಹಳ್ಳದತ್ತ ಇಳಿದಿತ್ತು. ಹರ್ಶೆಲ್ ಅವರ ತಂದೆ ಊರು ಬಿಟ್ಟ ಬಳಿಕ ಆ ಚರ್ಚು ಬೆಂಕಿಗೆ ಆಹುತಿಯಾಗಿ, ಹೊಸದನ್ನು ರಸ್ತೆಗೆ ಮುಖ ಮಾಡಿ ಕಟ್ಟಿದ್ದರು. ಅಂದಿನ ಎಡ ಇಂದು ಬಲವಾಗಿತ್ತು. ಆ ಬದಿಯ ಬೇಲಿಯ ಪಕ್ಕದಲ್ಲೂ ಹೆಸರಿಲ್ಲದ ಕಲ್ಲೊಂದಿತ್ತು. ಓಪಲ್ ಅವರು ಆ ಕಣಿವೆಯ ಹಿರಿಯ ಅಜ್ಜಿಯನ್ನು ಹುಡುಕಿಕೊಂಡು ಹೋದರು. ರೋಡಾ ಮಲಗಿರುವುದು ಆ ಕಲ್ಲಿನಡಿಯೇ ಎಂದೂ, ಹರ್ಶೆಲ್ ಹೂವಿಡುವ ಕಲ್ಲಿನಡಿ ಇರುವುದು ಜ್ವರದಲ್ಲಿ ಸತ್ತ ಪರವೂರಿನ ಶಿಕ್ಷಕಿ ಲೂಲಾ ಪ್ರೇಟರ್ ಎಂದೂ ಅಜ್ಜಿ ಹೇಳಿದಳು.

ಸುಮ್ಮನಿದ್ದರೆ ರೋಡಾ ಗುಂಪಿನ ಗುಂಡಿಗೆ ಹೋಗುತ್ತಾಳೆ. ಹೇಳಿದರೆ ಮುದುಕನ ಎದೆಯೊಡೆಯುತ್ತದೆ. ಸತ್ತವರಿಗೇನು ಗೊತ್ತಾಗುತ್ತದೆ, ಬಿಟ್ಟುಬಿಡಿ ಎಂದು ನಾವೆಲ್ಲ ಬುದ್ಧಿ ಹೇಳಿದೆವು. ಆದರೂ ಓಪಲ್ ಅವರು ಹರ್ಶೆಲ್ ಅವರನ್ನು ಕರೆಸಿ, ಕಾಫಿ ಕೊಟ್ಟು, ಫೋಟೋ ಮುಂದಿಟ್ಟರು.

ಹರ್ಶೆಲ್ ಫೋಟೋದ ಮೆಟ್ಟಿಲಿನ ಮೇಲೆ ಬೆರಳಿಟ್ಟರು. "ಹಂಗಾದ್ರೆ ಇಷ್ಟು ವರ್ಷ ನಾನು ಯಾರ ತಲೆ ಹತ್ರ ಕೂತು ಅತ್ತಿದ್ದು?"

ಓಪಲ್ ಅವರು ಲೂಲಾಳ ಹೆಸರು ಹೇಳಿದರು.

"ನೀವು ಬಾಯಿ ಮುಚ್ಕೊಂಡಿರಬಹುದಿತ್ತು."

"ಇರಬಹುದಿತ್ತು ಹರ್ಶೆಲಣ್ಣ. ನಿಮ್ಮಮ್ಮ ಗುಂಡಿ ಪಾಲಾಗ್ತಿದ್ರು."

ಹರ್ಶೆಲ್ ರುಜುವಾತಿನ ಕಾಗದಗಳನ್ನು ಮೇಜಿನ ಮೇಲೇ ಬಿಟ್ಟು, ಬಾಗಿಲು ಬಡಿದುಕೊಂಡು ಹೋದರು. ಮರುದಿನ ಫೋನೂ ಎತ್ತಲಿಲ್ಲ.

ವಿಚಾರಣೆಯ ಬೆಳಿಗ್ಗೆ ಓಪಲ್ ಅವರೇ ಕಾಗದ ಹಿಡಿದು ಸಭಾಂಗಣದ ಹಿಂದೆ ನಿಂತಿದ್ದರು. ಅಧಿಕಾರಿಯವರು ಸ್ಲೋನ್ ಎಂಬ ಹೆಸರು ಕೂಗಿದರು, ಉತ್ತರವಿಲ್ಲ. ಮತ್ತೊಮ್ಮೆ ಕೂಗಿ ಇನ್ನೇನು ಮುಂದಿನ ಹೆಸರಿಗೆ ಹೋಗಬೇಕು, ಅಷ್ಟರಲ್ಲಿ ಹರ್ಶೆಲ್ ಒಳಬಂದರು. ಮೈಮೇಲೆ ಚರ್ಚಿಗೆ ಹೋಗುವ ಕೋಟು, ಬೂಟಿನ ತುಂಬ ಸ್ಮಶಾನದ ಕೆಸರು. ಓಪಲ್ ಅವರ ಕೈಯಿಂದ ಕಾಗದ ತೆಗೆದುಕೊಂಡು, ಮುಂದೆ ಹೋಗಿ, ಎರಡು ಗೋರಿ ಬೇಕೆಂದರು.

"ಎರಡನೆಯವರು ನಿಮಗೇನಾಗಬೇಕು?" ಎಂದರು ಅಧಿಕಾರಿ.

"ಏನೂ ಆಗ್ಬೇಕಿಲ್ಲ ಸ್ವಾಮಿ. ಐವತ್ತು ವರ್ಷ ಅಮ್ಮಾ ಅಂತ ಕರ್ದಿದೀನಿ, ಅಷ್ಟೇ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಬಂಧುತ್ವವಿಲ್ಲದೆ ಆಗದೆಂದು ಅವರು ಹೇಳತೊಡಗಿದಾಗ ಹಿಂದಿನಿಂದ ಓಪಲ್ ಅವರ ದನಿ ಕೇಳಿತು. "ಲೂಲಾ ಪ್ರೇಟರ್‌ಗೆ ಬೇರೆ ಯಾರೂ ಇಲ್ಲ. ನಾನು ಎಲ್ಲಾ ಕಡೆ ಹುಡುಕಿದೀನಿ. ಇರೋದು ಇವರೊಬ್ರೇ."

ವಂಶಾವಳಿಯ ವಿಷಯದಲ್ಲಿ ಓಪಲ್ ಟ್ಯಾಕೆಟ್ ಮಾತಿಗೆ ಎದುರಾಡಿದವರು ನಮ್ಮ ಸೀಮೆಯಲ್ಲಿಲ್ಲ. ಅಧಿಕಾರಿ ಬರೆದುಕೊಂಡರು.

ಈಗ ಪಟ್ಟಣದ ಸ್ಮಶಾನದಲ್ಲಿ ಸ್ಲೋನ್ ಮನೆತನದ ಮೂರು ಕಲ್ಲುಗಳಿವೆ, ಮೂರರ ಮೇಲೂ ಹೆಸರಿದೆ. ಹೂವಿನ ಭಾನುವಾರದಂದು ಅವುಗಳ ಮುಂದೆ ಹಾಸುವ ಬಟ್ಟೆಯ ಮೇಲೆ ಹರ್ಶೆಲ್ ಅವರು ಓಪಲ್ ಅವರಿಗಾಗಿ ಒಂದು ತಟ್ಟೆ ತೆಗೆದಿಡುತ್ತಾರೆ. ನಮ್ಮ ಓಪಲ್ ಅವರಿಗೆ ಆಯುರಾರೋಗ್ಯ ಕೂಡಿ ಬರಲಿ, ಕೈಯ ಪೆನ್ಸಿಲ್ ಮೊಂಡಾಗದಿರಲಿ, ಇನ್ನೂ ಬಹುಕಾಲ ಯಾವ ಮೇ ತಿಂಗಳಲ್ಲೂ ಆ ತಟ್ಟೆ ಖಾಲಿ ಉಳಿಯದಿರಲಿ.