ಒಂದೂವರೆ ಡಿಗ್ರಿಗೆ ಅಡ್ಡ ನಿಂತವರು

ಶಾಖ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಷ್ಟು ಬೇಗ ಹರಿಯುತ್ತದೆ, ಹರಿಯದೆ ನಿಂತರೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನೇ ಬದುಕಿನ ಕಸುಬಾಗಿ ಮಾಡಿಕೊಂಡ ಪ್ರಾಧ್ಯಾಪಕಿ ಡಾ. ಬರ್ತಾ ಮತಾಯಸ್ ಅವರು ಈ ಮೇ ತಿಂಗಳ ಕೊನೆಯ ದಿನ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ನಮ್ಮ ಕರಾವಳಿಯ ಎಂಜಿನಿಯರಿಂಗ್ ಶಿಕ್ಷಣದ ವಲಯದಲ್ಲಿ ಅವರನ್ನು ಅರಿಯದವರು ವಿರಳ. ದೇಶದ ಅಣುವಿದ್ಯುತ್ ಸ್ಥಾವರಗಳ ಸುರಕ್ಷತೆಯನ್ನು ಪರಿಶೀಲಿಸುವ ವಲಯದಲ್ಲಂತೂ ಅವರ ಹೆಸರು ಕೇಳಿದ ಕೂಡಲೇ ಕೆಲವರು ಗೌರವದಿಂದ ಎದ್ದು ನಿಲ್ಲುತ್ತಾರೆ, ಇನ್ನು ಕೆಲವರು ಗಡಿಯಾರ ನೋಡಿಕೊಳ್ಳುತ್ತಾರೆ. ಮೊದಲು ಅವರ ವಿದ್ಯಾರ್ಥಿನಿಯಾಗಿ, ಆಮೇಲೆ ಅವರದೇ ವಿಭಾಗದ ಅಧ್ಯಾಪಕಿಯಾಗಿ ಅವರ ನೆರಳಿನಲ್ಲಿ ಬೆಳೆದ ನನಗೆ ಈ ಲೇಖನ ಬರೆಯುವುದು ಭಾಗ್ಯವೆಂದು ಹೇಳಬೇಕಾದದ್ದು ಪದ್ಧತಿ. ನಿಜ ಹೇಳುವುದಾದರೆ ಭಾಗ್ಯವೆಂದು ಅನ್ನಿಸುತ್ತಿಲ್ಲ.

ನಮ್ಮ ವಿಭಾಗದ ಮುಖ್ಯಸ್ಥರೂ ಈ ಅಭಿನಂದನ ಗ್ರಂಥದ ಸಂಪಾದಕರೂ ಆದ ಆಸ್ಟಿನ್ ಸರ್ ಲೇಖನ ಕೇಳುವಾಗಲೇ ಎಚ್ಚರಿಸಿದ್ದರು. "ಸಮಿತಿ ಗಿಮಿತಿ ಎಲ್ಲ ಎಂತಕ್ಕೆ ಕಾವ್ಯ? ಮೇಡಂ ಪಾಠ ಮಾಡಿದ್ದು ಬರೆಯಿರಿ, ಸಾಕು. ಸಂತೋಷದ ಸಮಾರಂಭ ಅಲ್ವಾ?" ಸರ್ ಕ್ಷಮಿಸಬೇಕು. ಪಾಠದ ಬಗ್ಗೆ ಖಂಡಿತ ಬರೆಯುತ್ತೇನೆ. ಆದರೆ ಸಮಿತಿಯನ್ನು ಬಿಟ್ಟು ಬರೆದರೆ ಅದು ಬೇರೆ ಯಾರದೋ ಅಭಿನಂದನೆಯಾದೀತು.

ಮೇಡಂ ಹುಟ್ಟಿದ್ದು ಕಾರ್ಕಳದಲ್ಲಿ. ತಂದೆ ಕಲ್ಲುಕೋರೆಯಲ್ಲಿ ಮೇಸ್ತ್ರಿ, ತಾಯಿ ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದವರು. ಹೆಣ್ಣುಮಕ್ಕಳು ಮೆಕ್ಯಾನಿಕಲ್ ಓದುತ್ತೇನೆಂದರೆ ನೆಂಟರಿಷ್ಟರು ನಗುತ್ತಿದ್ದ ಕಾಲದಲ್ಲಿ ಅದನ್ನೇ ಓದಿ, ಊರಿನ ಪಾಲಿಟೆಕ್ನಿಕ್ಕಿನಲ್ಲಿ ಕೆಲಕಾಲ ದುಡಿದು, ಮಣಿಪಾಲಕ್ಕೆ ಬಂದು ನೆಲೆಸಿದರು. ಅವರ ಮೊದಲ ತರಗತಿಯನ್ನು ಮರೆತ ವಿದ್ಯಾರ್ಥಿ ಇರಲಾರ. ಸ್ಟೀಲ್ ಲೋಟದಲ್ಲಿ ಹೊಗೆಯಾಡುವ ಚಹಾ ತಂದು ಮುಂದಿನ ಬೆಂಚಿನವನ ಕೈಗೆ ಕೊಡುತ್ತಿದ್ದರು. ಅವನು "ಅಯ್ಯಮ್ಮಾ" ಎಂದು ಲೋಟ ಕೆಳಗಿಟ್ಟ ಮೇಲೆಯೇ ಶಾಖ ವರ್ಗಾವಣೆಯ ಪಾಠ ಶುರುವಾಗುತ್ತಿತ್ತು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನ ಮುಂದೆ ಬಾಯಿ ಕಟ್ಟಿಹೋಗಿದ್ದ ನನ್ನಂಥವರನ್ನು ಸಂಜೆ ಹೊತ್ತು ಕೂರಿಸಿಕೊಂಡು, ಅದೇ ಪಾಠವನ್ನು ಕನ್ನಡದಲ್ಲಿ, ಅದೂ ತಲೆಗೆ ಹೋಗದಿದ್ದರೆ ಕೊಂಕಣಿ ರಾಗದ ತುಳುವಿನಲ್ಲಿ ಮತ್ತೆ ಹೇಳುತ್ತಿದ್ದರು. ಅವರ ತುಳು ಕೇಳಿ ನಾವು ನಕ್ಕರೆ, "ನಗಿ ನಗಿ, ನಕ್ಕರೆ ನೆನಪು ಉಳೀತದೆ" ಎನ್ನುತ್ತಿದ್ದರು.

ನಾನು ಮೂರನೆಯ ವರ್ಷದಲ್ಲಿದ್ದಾಗ ನಡೆದದ್ದನ್ನು ಇಲ್ಲಿ ಬರೆಯದೆ ಇರಲಾರೆ. ನನ್ನ ಅಪ್ಪ ಕಿಟ್ಟ ಕುಂದರ್ ಮೀನುಗಾರಿಕೆಗೆ ಹೋದ ದೋಣಿ ಬರಬೇಕಾದ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ಕಾಪು ಕಡಪ್ಪುರದಲ್ಲಿ ಅಮ್ಮ ದಡದ ಮರಳಿನ ಮೇಲೆ ಊಟ ಬಿಟ್ಟು ಕೂತಿದ್ದಳು. ಯಾರು ಹೇಳಿದರೋ ಗೊತ್ತಿಲ್ಲ, ಮೇಡಂ ಬಸ್ಸು ಹಿಡಿದು ಬಂದು, ಫ್ಲಾಸ್ಕಿನಲ್ಲಿ ತಂದ ಗಂಜಿಯನ್ನು ಲೋಟಕ್ಕೆ ಬಗ್ಗಿಸಿ ಅಮ್ಮನ ಕೈಗೆ ಕೊಟ್ಟು, ಅವಳ ಪಕ್ಕದಲ್ಲಿ ಹೊಯಿಗೆಯ ಮೇಲೆಯೇ ಕೂತರು. ಅಪ್ಪ ಬರುವವರೆಗೂ ಅಲ್ಲೇ ಉಳಿದರು. ಮೂರನೆಯ ದಿನ ಇನ್ನೊಂದು ದೋಣಿ ಅಪ್ಪನ ದೋಣಿಯನ್ನು ಹಗ್ಗ ಕಟ್ಟಿ ಎಳೆದು ತಂದಿತು.

"ಎಂತ ಆಯಿತು ಕಿಟ್ಟಣ್ಣ?" ಎಂದು ಮೇಡಂ ಕೇಳಿದರು.

"ಎಂಜಿನ್ ಕಾದು ಹಿಡಿದುಕೊಂಡಿತು ಮೇಡಂ. ತಂಪು ನೀರು ಎಳೆಯುವ ಪೈಪಿನ ಒಳಗೆ ಪಚ್ಚಿಲೆ ಚಿಪ್ಪು ಕಟ್ಟಿ ನೀರೇ ಬರ್ತಾ ಇರಲಿಲ್ಲ."

"ಮೊದಲು ನೋಡಿರಲಿಲ್ಲವಾ?"

"ನೋಡಿದ್ದೆ. ಮಳೆಗಾಲ ಕಳೆದು ದೋಣಿ ಇಳಿಸುವಾಗ ನಾನೇ ಉಜ್ಜಿದ್ದು. ಆಗ ಚೊಕ್ಕ ಇತ್ತು. ಈಗಲೂ ಹಾಗೇ ಉಂಟು ಅಂತ ಗ್ರಹಿಸಿದೆ." ಅಪ್ಪ ತಲೆ ತಗ್ಗಿಸಿದ. ದೋಣಿಯಲ್ಲಿ ಇನ್ನೂ ನಾಲ್ವರಿದ್ದರು, ಅವರ ಹೆಂಡಿರೆಲ್ಲ ಅಲ್ಲೇ ನಿಂತಿದ್ದರು.

ಮೇಡಂ ಆ ದಿನ ಅಪ್ಪನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ನನಗೆ ಮಾತ್ರ, "ಎಲ್ಲರೂ ಹಾಗೇ ಗ್ರಹಿಸುವುದು ಮಾರಾಯ್ತಿ, ನಾನೂ ಹಾಗೇ" ಎಂದರು.

ಅವರ ಸೇವೆಯ ಕೊನೆಯ ಆರು ವರ್ಷಗಳಿಗೆ ಬರುತ್ತೇನೆ. ಕಡಲತೀರದ ಒಂದು ಅಣುವಿದ್ಯುತ್ ಸ್ಥಾವರದ ತಂಪು ನೀರಿನ ಉಷ್ಣತೆಯ ಮಿತಿಯನ್ನು ಮರುಪರಿಶೀಲಿಸಲು ರಚಿಸಿದ ಸಮಿತಿಗೆ ಅವರು ತಜ್ಞ ಸದಸ್ಯೆಯಾಗಿ ಆಯ್ಕೆಯಾದರು. ಸ್ಥಾವರದ ಹೆಸರು ಬರೆಯುವುದು ಬೇಡ; ಅದರ ತಾಂತ್ರಿಕ ವಿವರಗಳಲ್ಲೂ ಪತ್ರಿಕೆಗಳಲ್ಲಿ ಬಂದಷ್ಟನ್ನೇ ಇಲ್ಲಿ ಹೇಳುತ್ತೇನೆ. ಅಣುಸ್ಥಾವರವನ್ನು ತಂಪಾಗಿಡುವುದು ಸಮುದ್ರದ ನೀರು. ಸ್ಥಾವರವನ್ನು ನಿಲ್ಲಿಸಿದ ಮೇಲೂ ಅದರ ಒಳಗಿನ ಬಿಸಿ ಕೂಡಲೇ ಆರುವುದಿಲ್ಲ, ಆಗಲೂ ಸಮುದ್ರವೇ ಗತಿ. ಆದ್ದರಿಂದ ಒಳಗೆ ಬರುವ ನೀರು ಇಂತಿಷ್ಟಕ್ಕಿಂತ ಬಿಸಿಯಾದರೆ ಉತ್ಪಾದನೆ ತಗ್ಗಿಸಬೇಕು, ಇನ್ನೂ ಏರಿದರೆ ನಿಲ್ಲಿಸಬೇಕೆಂಬ ನಿಯಮವುಂಟು. ಈಚಿನ ವರ್ಷಗಳಲ್ಲಿ ಸಮುದ್ರವೇ ಕಾಯುತ್ತಿದೆ. ಏಪ್ರಿಲ್, ಮೇ ಬಂತೆಂದರೆ ನೀರು ಆ ಮಿತಿಯನ್ನು ಮುಟ್ಟುತ್ತದೆ, ಕರೆಂಟಿಗೆ ಬೇಡಿಕೆ ಹೆಚ್ಚಿರುವ ದಿನಗಳಲ್ಲೇ ಸ್ಥಾವರ ಕೈಕಟ್ಟಿ ಕೂರಬೇಕಾಗುತ್ತದೆ. ಮಿತಿಯನ್ನು ಒಂದೂವರೆ ಡಿಗ್ರಿ ಏರಿಸಿಕೊಡಿ ಎಂದು ಸ್ಥಾವರದವರು ಕೇಳಿದರು.

ಅವರು ಒಪ್ಪಿಸಿದ ಲೆಕ್ಕ ತಪ್ಪಿರಲಿಲ್ಲ. ಒಂದೂವರೆ ಡಿಗ್ರಿ ಹೆಚ್ಚಾದರೂ ಸಮುದ್ರದ ನೀರು ಹರಿಯುವ ಕೊಳವೆಗಳು ಬೇಕಾದಷ್ಟು ಶಾಖವನ್ನು ಸಮುದ್ರಕ್ಕೆ ದಾಟಿಸುತ್ತವೆ ಎಂದು ಅದು ತೋರಿಸುತ್ತಿತ್ತು. ಆದರೆ ಕೊಳವೆಗಳನ್ನು ಪರೀಕ್ಷಿಸಿದ್ದೆಲ್ಲ ತೊಳೆದ ಮರುವಾರದಲ್ಲಿ. ನೀರು ಬಿಸಿಯಾಗುವ ತಿಂಗಳುಗಳಲ್ಲೇ ಚಿಪ್ಪು, ಪಾಚಿ, ಲೋಳೆ ಎಲ್ಲವೂ ಸೊಕ್ಕಿ ಬೆಳೆಯುತ್ತವೆಂದು ಕಡಲ ಕರೆಯಲ್ಲಿ, ದಡದಲ್ಲಿ ಬದುಕುವ ಎಲ್ಲರಿಗೂ ಗೊತ್ತು. ಮೇಡಂ ಕೇಳಿದ್ದು ಒಂದೇ ವಿಷಯ: ಮೇ ತಿಂಗಳಲ್ಲಿ, ತೊಳೆಯುವ ಮೊದಲು, ಕೊಳವೆಗಳು ಇದ್ದ ಹಾಗೆಯೇ ಒಮ್ಮೆ ಪರೀಕ್ಷೆ ಮಾಡಿ ತೋರಿಸಿ. ಆಮೇಲೆ ಸಹಿ ಹಾಕುವುದೋ ಬಿಡುವುದೋ ನೋಡುವ. ಉಡುಪಿಯ ಒಂದು ಉಪನ್ಯಾಸದಲ್ಲಿ ಅವರು ಇದನ್ನು ಬಿಡಿಸಿ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ: "ಫಾದರ್ ಮನೆ ಆಶೀರ್ವಾದಕ್ಕೆ ಬರುವ ದಿನ ನಮ್ಮ ಮನೆಯೂ ಚೊಕ್ಕ ಇರ್ತದೆ. ಉಳಿದ ದಿನ ಹೇಗೆ ಉಂಟು ಅಂತ ಕೇಳಿದರೆ ತಪ್ಪಾ?"

ಆ ಒಂದು ಪರೀಕ್ಷೆ ಆರು ವರ್ಷಗಳಲ್ಲಿ ಆಗಲಿಲ್ಲ. ಒಂದು ವರ್ಷ ಸಿಬ್ಬಂದಿ ಇರಲಿಲ್ಲ, ಇನ್ನೊಂದು ವರ್ಷ ತೊಳೆಯುವ ಗುತ್ತಿಗೆದಾರರು ಬೇಗ ಬಂದುಬಿಟ್ಟರು. ಸಮಿತಿಯ ಉಳಿದ ಸದಸ್ಯರು ಕೆಟ್ಟವರಲ್ಲ. ಕಲಿತವರು, ಸಜ್ಜನರು, ಆದರೆ ಬೇಸಗೆಯಲ್ಲಿ ಕರೆಂಟು ಹೋದಾಗ ಜನರ ಬೈಗುಳ ತಿನ್ನಬೇಕಾದವರು. ಎಲ್ಲರೂ ಒಪ್ಪದೆ ಮಿತಿ ಬದಲಿಸುವಂತಿಲ್ಲ ಎಂಬ ನಿಯಮವೊಂದೇ ಮೇಡಂ ಅವರ ಕೈಯಲ್ಲಿದ್ದ ಆಸರೆ. ಅಣುಸ್ಥಾವರವೇ ಬೇಡ ಎನ್ನುವ ಗೆಳೆಯರು ತಮ್ಮ ವೇದಿಕೆಗೆ ಕರೆದರೆ ಅಲ್ಲಿಗೂ ಹೋಗಲಿಲ್ಲ. "ನಿಲ್ಲಿಸಿ ಅಂತ ನಾನು ಹೇಳಲಿಲ್ಲ, ಅಳೆಯಿರಿ ಅಂತ ಹೇಳಿದ್ದು" ಎಂದುಬಿಟ್ಟರು. ಹೀಗೆ ಆ ಕಡೆಯವರಿಗೂ ಬೇಡವಾದರು, ಈ ಕಡೆಯವರಿಗೂ ಬೇಡವಾದರು.

ಮನೆಯವರೇನು ಬಿಟ್ಟರೇ? ನೆಂಟರ ಮದುವೆಯ ಮುನ್ನಾದಿನ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಕಾರ್ಯಕ್ರಮಕ್ಕೆ ಮೇಡಂ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಾಡು ರಂಗೇರಿದ ಹೊತ್ತಿಗೆ ದೀಪವೆಲ್ಲ ಆರಿತು. ಕತ್ತಲಲ್ಲೇ ಅವರ ನಾದಿನಿ ಡೈನಾ ಕೂಗಿದರು: "ಹೋಯಿತು ನೋಡಿ! ನಮ್ಮ ಬರ್ತಾ ಬಾಯಿ ಸಹಿ ಹಾಕುವವರೆಗೆ ಮದುಮಗಳಿಗೆ ಮೇಣದ ಬತ್ತಿಯೇ ಗತಿ!" ಇಡೀ ಚಪ್ಪರ ನಕ್ಕಿತು, ಮೇಡಂ ಕೂಡ ನಕ್ಕರು. ರಾತ್ರಿ ಬಸ್ಸಿನಲ್ಲಿ ಮಣಿಪಾಲಕ್ಕೆ ಮರಳಿದೆವು. ಇಳಿಯುವಾಗ, "ಸಹಿ ಹಾಕಿದರೆ ಎಲ್ಲರಿಗೂ ಖುಷಿ ಆಗ್ತದಲ್ಲ" ಎಂದರು. ಅವರು ಸೋತಂತೆ ಮಾತಾಡಿದ್ದನ್ನು ನಾನು ಕೇಳಿದ್ದು ಆ ಒಂದು ಸಲ ಮಾತ್ರ.

ಈ ಮಾರ್ಚಿನ ಸಭೆಗೆ ಅವರು ಎಂದಿನಂತೆ ಸಿದ್ಧರಾಗಿ ಹೋದರು. ಈ ಮೇ ತಿಂಗಳಲ್ಲಾದರೂ ಪರೀಕ್ಷೆ ಆಗಲೇಬೇಕೆಂದು ಪಟ್ಟು ಹಿಡಿಯುವ ನಿಶ್ಚಯವಿತ್ತು. ಆದರೆ ಸಭೆ ಶುರುವಾಗುವ ಮೊದಲೇ ಅಧ್ಯಕ್ಷರು ಎದ್ದು, ಮೇಡಂ ನಿವೃತ್ತರಾಗಲಿರುವ ಸಂತೋಷದ ಸಂಗತಿಯನ್ನು ಪ್ರಕಟಿಸಿ, ಅವರನ್ನು ಮುಂದೆ ಕರೆದು ಗಂಧದ ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆಯೇ, ತಂಪು ನೀರಿನ ಮಿತಿಯ ವಿಷಯವನ್ನು ಜೂನ್ ಸಭೆಗೆ ಮುಂದೂಡಲಾಗಿದೆ ಎಂದೂ ಹೇಳಿದರು. ಸಮಿತಿಯ ಸದಸ್ಯರು ಸೇವೆಯಲ್ಲಿರುವವರೇ ಆಗಿರಬೇಕೆಂದು ನಿಯಮವಿದೆ. ಮೇಡಂ ಸೇವೆ ಮೇ ತಿಂಗಳಿಗೆ ಮುಗಿಯುತ್ತದೆ.

"ನೀವು ಅಲ್ಲೇ ಕೇಳಬೇಕಿತ್ತು ಮೇಡಂ!" ಎಂದು ನಾನು ಸ್ಟಾಫ್ ರೂಮಿನಲ್ಲಿ ಸಿಟ್ಟಿನಿಂದ ಹೇಳಿದೆ.

"ಕುತ್ತಿಗೆಯಲ್ಲಿ ಹಾರ, ಕೈಯಲ್ಲಿ ಹಣ್ಣಿನ ಬುಟ್ಟಿ. ಹಾಗೆ ನಿಂತುಕೊಂಡು ಜಗಳ ಆಡುವುದು ಹೇಗೆ, ನೀನೇ ಹೇಳು" ಎಂದರು. "ಅವರಿಗೆ ನನ್ನ ಮಾತಿಗೆ ಉತ್ತರ ಬೇಕಾಗಿರಲಿಲ್ಲ ಕಾವ್ಯ. ನನ್ನ ವಯಸ್ಸು ಆಗುವವರೆಗೆ ಕಾದರು, ಅಷ್ಟೆ."

ನಮ್ಮ ಕಾಲೇಜಿನಲ್ಲಿ ಹಿರಿಯ ಪ್ರಾಧ್ಯಾಪಕರಿಗೆ ನಿವೃತ್ತಿಯ ಮೇಲೆ ಎರಡು ವರ್ಷ ಹೆಚ್ಚಿನ ಸೇವೆ ಕೊಡುವ ವಾಡಿಕೆ ಇತ್ತು. ಈ ವರ್ಷ ಆ ವಾಡಿಕೆ ನಿಂತುಹೋಯಿತು. ಯಾಕೆಂದು ಕೇಳಿದವರಿಗೆ, ಹೊಸಬರಿಗೂ ಅವಕಾಶ ಬೇಡವೇ ಎಂಬ ಉತ್ತರ ಸಿಕ್ಕಿತು. ಆ ಹೊಸಬಳು ನಾನೇ ಎಂದು ಏಪ್ರಿಲ್‌ನಲ್ಲಿ ಗೊತ್ತಾಯಿತು. ಸಮಿತಿಯಲ್ಲಿ ತೆರವಾಗುವ ಜಾಗಕ್ಕೆ ನನ್ನ ಹೆಸರು ಬಂದಿದೆ. ಆಸ್ಟಿನ್ ಸರ್ ಕೈಕುಲುಕಿ, "ಪ್ರೊಫೆಸರ್ ಆಗುವುದಕ್ಕೂ ಇದು ಒಳ್ಳೆಯದೇ. ನೀವು ಹೊಂದಿಕೊಂಡು ಹೋಗುವವರು" ಎಂದರು. ನಾನು ಹೊಂದಿಕೊಂಡು ಹೋಗುವವಳು! ಆ ಮಾತು ಕೇಳಿ ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು.

ಕಳೆದ ಭಾನುವಾರ ಮೇಡಂ ಮನೆಗೆ ಹೋದೆ. ಪೂಜೆ ಮುಗಿಸಿ ಇಗರ್ಜಿಯಿಂದ ಆಗಷ್ಟೇ ಬಂದು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಈ ಜಾಗ ನನಗೆ ಬೇಡ, ಆಗುವುದಿಲ್ಲ ಎಂದು ತಿಳಿಸಿಬಿಡುತ್ತೇನೆ ಎಂದೆ.

"ನೀನು ಬೇಡ ಅಂದರೆ ಜಾಗ ಖಾಲಿ ಇರ್ತದೆ ಅಂತ ಗ್ರಹಿಸಿದೆಯಾ? ಹೋಗು. ಆದರೆ ಒಂದು ಹೇಳ್ತೇನೆ. ಜೂನ್ ಒಂದರಿಂದ ಈ ವಿಷಯ ನಾನು ಕೇಳುವ ಹಾಗಿಲ್ಲ, ನೀನು ನನ್ನ ಹತ್ತಿರ ಹೇಳುವ ಹಾಗಿಲ್ಲ. ಗೋಪ್ಯ ಅಂದರೆ ಗೋಪ್ಯ. ಎಂತ ಕೇಳುವುದಿದ್ದರೂ ಇವತ್ತೇ ಕೇಳು."

ಇಷ್ಟು ವರ್ಷ ಪ್ರತಿಯೊಂದು ಸಂಶಯಕ್ಕೂ ಅವರ ಬಾಗಿಲು ತಟ್ಟಿದವಳಿಗೆ ಈ ಮಾತು ಎಷ್ಟು ಕಷ್ಟವಾಯಿತೆಂದು ಹೇಗೆ ಬರೆಯಲಿ? ಲೆಕ್ಕದ ಪ್ರಶ್ನೆಗಳು ಬೇಕಾದಷ್ಟಿದ್ದವು. ಅವನ್ನೆಲ್ಲ ಬದಿಗಿಟ್ಟೆ. ಕೊನೆಗೆ ಚಿಕ್ಕ ಮಗುವಿನ ಹಾಗೆ, "ಅಲ್ಲಿ ನಾನು ಒಬ್ಬಳೇ ಆಗಿಬಿಟ್ಟರೆ ಎಂತ ಮಾಡುವುದು ಮೇಡಂ?" ಎಂದು ಕೇಳಿದೆ.

ಅವರು ಪುಸ್ತಕದ ಧೂಳು ಒರೆಸುತ್ತಲೇ ಹೇಳಿದರು: "ಒಬ್ಬಳೇ ಆಗ್ತಿ. ಬೆಳಿಗ್ಗೆ ಎಲ್ಲರೂ ಚಂದ ಮಾತಾಡ್ತಾರೆ. ನೀನು ಆಗುವುದಿಲ್ಲ ಅಂದ ಮೇಲೆ, ಮಧ್ಯಾಹ್ನ ಊಟಕ್ಕೆ ಏಳುವಾಗ ನಿನ್ನನ್ನು ಕರೆಯಲಿಕ್ಕೆ ಮರೆತುಬಿಡ್ತಾರೆ. ನನಗೆ ಆರು ವರ್ಷವೂ ಹಾಗೇ ಆದದ್ದು. ಊಟದ ಡಬ್ಬಿ ತಗೊಂಡು ಹೋಗು ಮಾರಾಯ್ತಿ. ಹಸಿದುಕೊಂಡು ಕೂತರೆ ಸಂಜೆಯೊಳಗೆ ಸಹಿ ಹಾಕಿಬಿಡುವ ಅಂತ ಕಾಣ್ತದೆ."

ಮೇಡಂ, ತಾವು ನೂರು ಕಾಲ ಬಾಳಬೇಕು. ಕಾರ್ಕಳಕ್ಕೆ ಮರಳಿದ ಮೇಲೂ ಸಂಜೆಯ ಪಾಠಗಳು ನಡೆಯಬೇಕು, ತಮ್ಮ ತುಳು ಕೇಳಿ ಅಲ್ಲಿನ ಮಕ್ಕಳೂ ಹೊಟ್ಟೆ ತುಂಬ ನಗಬೇಕು. ಜೂನ್ ಸಭೆಯಲ್ಲಿ ಏನಾಯಿತೆಂದು ತಾವು ನನ್ನನ್ನು ಕೇಳುವುದಿಲ್ಲ, ನಾನು ಹೇಳುವಂತೆಯೂ ಇಲ್ಲ. ನನ್ನನ್ನೂ ಒಂದು ದಿನ ಶಾಲು ಹೊದಿಸಿ ಕಳುಹಿಸಬಹುದು, ಆಮೇಲೆ ಆ ಮಿತಿ ಏರಲೂಬಹುದು. ಪತ್ರಿಕೆಯಲ್ಲಿ ಏನು ಬರುತ್ತದೋ ತಾವೇ ಓದಿಕೊಳ್ಳುವಿರಿ. ಆ ಸಭೆಗೆ ನಾನು ಡಬ್ಬಿ ತೆಗೆದುಕೊಂಡು ಹೋಗಿದ್ದೆ ಎಂಬುದನ್ನು ಮಾತ್ರ ಇಲ್ಲಿ, ಎಲ್ಲರೂ ಓದುವ ಹಾಗೆ, ಮೊದಲೇ ಬರೆದಿಡುತ್ತಿದ್ದೇನೆ.