ತಿರುವಿನಲ್ಲಿ ಮಾತಾಡಿದ ಅತ್ತೆ

ನಮ್ಮ ಅತ್ತೆ ಕಾರಿನಲ್ಲಿ ಮಾತಾಡುತ್ತಿರಲಿಲ್ಲ. ಮನೆಯಲ್ಲಿ ಅವರ ಬಾಯಿಗೆ ಬಿಡುವು ಸಿಗುವುದು ಎಲೆಯಡಿಕೆ ತುಂಬಿಕೊಂಡಾಗ ಮಾತ್ರ. ಆದರೆ ಗಾಡಿಯ ಬಾಗಿಲು ಹಾಕಿದರೆ ಸಾಕು, ಸೆರಗು ಬಾಯಿಗೆ ಹೋಗುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ನಿಂಬೆಹಣ್ಣು ಮೂಗಿನ ಹತ್ತಿರ ಬರುತ್ತಿತ್ತು. ಹಿಂದಿನ ದಿನವೇ ಊಟ ಬಿಡುವುದು, ಸೀರೆಯೊಳಗೆ ಹೊಟ್ಟೆಯ ಮೇಲೆ ಮಡಿಸಿದ ಪೇಪರ್ ಇಟ್ಟುಕೊಳ್ಳುವುದು, ಮುಂದಿನ ಸೀಟನ್ನು ಯಾರಿಗೂ ಬಿಡದಿರುವುದು, ಎಲ್ಲ ಮದ್ದೂ ಆಗಿತ್ತು. ಆದರೂ ಕುಶಾಲನಗರ ದಾಟಿ ಆನೆಕಾಡಿನ ತಿರುವು ಶುರುವಾದ ಕೂಡಲೇ ಅವರ ಕೈ ಪಕ್ಕದವರ ತೋಳು ತಟ್ಟುತ್ತಿತ್ತು. ಗಾಡಿ ನಿಲ್ಲಿಸಬೇಕು, ಅವರು ಇಳಿಯಬೇಕು, ನಾವು ಬೆನ್ನು ನೀವಬೇಕು.

ಶಿರಂಗಾಲದಲ್ಲಿ ನಮ್ಮದು ಶುಂಠಿ, ಜೋಳ, ಭತ್ತದ ಬೇಸಾಯ. ಮಾವನವರ ಕಾಲಕ್ಕೆ ಹಾಸನದ ಕಡೆಯಿಂದ ಬಂದು ನಿಂತ ಮನೆ. ನಮ್ಮ ಕಡೆ ನೆಲ ಸಮ, ರಸ್ತೆ ನೆಟ್ಟಗೆ, ಅತ್ತೆಗೆ ಊರೊಳಗೆ ಯಾವ ತೊಂದರೆಯೂ ಇಲ್ಲ. ಇದ್ದ ತೊಂದರೆ ಒಂದೇ. ಅವರ ಒಬ್ಬಳೇ ತಂಗಿ ಇರುವುದು ಬಾಳೆಲೆಯಲ್ಲಿ, ಜಿಲ್ಲೆಯ ಆ ತುದಿಗೆ. ನನಗೆ ಚಿಕ್ಕತ್ತೆ. ಅವರ ಗಂಡ ಅಲ್ಲಿಯ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುತ್ತ ಬರೆಯುತ್ತ ಅಲ್ಲೇ ಮನೆ ಕಟ್ಟಿಕೊಂಡರು. ಇಲ್ಲಿಂದ ಅಲ್ಲಿಗೆ ನಡುವೆ ಇರುವುದೆಲ್ಲ ಕಾಫಿ ತೋಟ ಮತ್ತು ತಿರುವು.

ಮೊದಲೆಲ್ಲ ಕೊಯ್ಲು ಮುಗಿದ ಮೇಲೆ ಚಿಕ್ಕತ್ತೆಯೇ ಬಸ್ಸು ಹತ್ತಿ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದರು. ಮಂಡಿ ಆಪರೇಷನ್ ಆದಮೇಲೆ ಬಸ್ಸಿನ ಮೆಟ್ಟಿಲು ಅವರ ಕೈಲಾಗಲಿಲ್ಲ. ಅಲ್ಲಿಂದ ಅಕ್ಕತಂಗಿಯರಿಗೆ ಫೋನೇ ಗತಿ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಕೂತು, ಸ್ಪೀಕರ್ ಹಾಕಿ, ಬೀದಿಗೆಲ್ಲ ಕೇಳುವ ಹಾಗೆ ಮಾತು.

“ನಿಂಗೆ ಹೊಟ್ಟೆ, ನಂಗೆ ಮಂಡಿ,” ಎನ್ನುತ್ತಿದ್ದರು ಚಿಕ್ಕತ್ತೆ. “ನಮ್ಮಿಬ್ರನ್ನೂ ಸೇರ್ಸಿ ಹೊಲಿದಿದ್ರೆ ಒಬ್ಳು ಸರಿಯಾದ ಹೆಂಗ್ಸು ಆಗೋಳು ಕಣಕ್ಕ.”

“ಸೊಸೆ ಟೈಲರ್ ಅಲ್ವಾ, ಹೇಳ್ತೀನಿ ಬಿಡು,” ಎನ್ನುತ್ತಿದ್ದರು ಅತ್ತೆ. ನಕ್ಕು ಫೋನು ಇಡುತ್ತಿದ್ದರು. ಇಟ್ಟ ಮೇಲೆ ಸೆರಗಿನಿಂದ ಫೋನು ಒರೆಸುತ್ತ ಕೂತಿರುತ್ತಿದ್ದರು.

ನನ್ನ ಯಜಮಾನರು ತಾಯಿಯ ಮೇಲೆ ಪ್ರಾಣ ಇಟ್ಟವರು. ಒಂದು ಸಲ ದೊಡ್ಡದೊಂದು ಗಾಡಿ ಬಾಡಿಗೆಗೆ ತಂದು ಬಾಳೆಲೆಗೆ ಕರೆದುಕೊಂಡು ಹೋದರು. ಎತ್ತರದ ಗಾಡಿ, ದಿಂಬಿನಂಥ ಸೀಟು, ಎತ್ತಿನ ಗಾಡಿಯ ನಡಿಗೆಯಲ್ಲಿ ಓಡಿಸಿದರು. ತಿರುವು ಬಂದಾಗಲೆಲ್ಲ ಆ ಗಾಡಿ ತುಂಬಿದ ಹುಲ್ಲಿನ ಬಂಡಿಯ ಹಾಗೆ ಒಂದು ಕಡೆ ವಾಲಿ, ಯೋಚನೆ ಮಾಡಿ, ಮತ್ತೆ ಇನ್ನೊಂದು ಕಡೆ ವಾಲುತ್ತಿತ್ತು. ತಂಗಿಯ ಮನೆ ಮುಟ್ಟಿದ ಅತ್ತೆ ಜಗಲಿಯಲ್ಲಿ ಚಾಪೆಯ ಮೇಲೆ ಬಿದ್ದವರು ಹೊರಡುವಾಗಲೇ ಎದ್ದದ್ದು. ತಂಗಿ ಮಾಡಿದ ಕೋಳಿ ಸಾರಿನ ವಾಸನೆಗೂ ಸೆರಗು ಅಡ್ಡ ಹಿಡಿದಿದ್ದರು. “ಇನ್ನು ನಾನು ಬಾಳೆಲೆಗೆ ಬಂದ್ರೆ ನಡ್ಕೊಂಡೇ,” ಅಂದಿದ್ದರು. ಯಜಮಾನರು ಅದರಿಂದ ಕಲಿತ ಪಾಠ ಏನೆಂದರೆ ಗಾಡಿ ಇನ್ನೂ ಎತ್ತರ ಇರಬೇಕಿತ್ತು, ಸೀಟು ಇನ್ನೂ ಮೆತ್ತಗಿರಬೇಕಿತ್ತು.

ಇಷ್ಟರ ನಡುವೆ ನಾನು ಕೆಂಪು ಕಾರು ತಂದೆ.

ಕುಶಾಲನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ದಿನಾ ಹೋಗಿಬರುತ್ತಿದ್ದ ಹಳೆಯ ಕಾರು ಮಳೆಗಾಲಕ್ಕೆ ಮುಂಚೆ ಕೈಕೊಟ್ಟಿತು. ಬಿಟ್ಟಂಗಾಲದಲ್ಲಿ ಕಾಫಿ ತೋಟ ಇರುವ ಕೊಡವತಿಯೊಬ್ಬರು, ನನಗಿಂತ ಹತ್ತು ವರ್ಷಕ್ಕಾದರೂ ಹಿರಿಯರು, ಮಗಳ ಮನೆಗೆ ಬಂದಾಗಲೆಲ್ಲ ನನ್ನ ಹತ್ತಿರ ರವಿಕೆಗೆ ಕೊಡುವವರು. ಅವತ್ತು ಅವರು ನಮ್ಮ ಅಂಗಡಿಯ ಇಕ್ಕಟ್ಟಾದ ಓಣಿಗೆ ಒಂದು ಕೆಂಪು ಸಣ್ಣ ಕಾರನ್ನು ಹಿಮ್ಮುಖವಾಗಿ, ಒಂದೇ ಸಲಕ್ಕೆ, ಸೂಜಿಗೆ ದಾರ ಪೋಣಿಸಿದಂತೆ ತಂದು ನಿಲ್ಲಿಸಿದರು. ಅಳತೆ ಕೊಡುತ್ತ ಅದನ್ನು ಮಾರುವ ಮಾತೆತ್ತಿದರು.

“ಹೊರಗೆ ನೋಡ್ಲಿಕ್ಕೆ ಮನೆ ಕಾರೇ. ಒಳಗೆ ರೇಸ್ ಕಾರಿನಂಥ ಎಂಜಿನ್ ಉಂಟು. ಹಾಟ್ ಹ್ಯಾಚ್ ಅಂತ ಹೇಳ್ತಾರಲ್ಲ, ಅದು. ಸಸ್ಪೆನ್ಷನ್ ಸ್ವಲ್ಪ ಸ್ಟಿಫ್, ಗುಂಡಿ ಎಲ್ಲ ತಾಗ್ತದೆ. ನನ್ನ ಬೆನ್ನಿಗೆ ಇನ್ನು ಆಗುದಿಲ್ಲ. ನಿಮ್ಮ ಬೆನ್ನು ಹೇಗುಂಟು?”

“ಮೆಷಿನ್ ಮುಂದೆ ಕೂತು ಕೂತು ಹಲಗೆ ಆಗಿದೆ,” ಅಂದೆ.

“ಹಾಗಾದ್ರೆ ನಿಮಗೇ ಇದು. ಒಂದು ರೌಂಡ್ ಹೋಗಿ ಬನ್ನಿ.”

ಹೋಗಿ ಬಂದೆ. ಬಂದಮೇಲೆ ಅವರ ರವಿಕೆಯ ತೋಳಿನ ಅಳತೆ ಎರಡು ಸಲ ತಪ್ಪಾಗಿ ಬರೆದೆ.

ಮನೆಗೆ ತಂದಾಗ ಯಜಮಾನರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಕುಕ್ಕರುಗಾಲಲ್ಲಿ ಕೂತು ಅಡಿಗೆ ಕೈ ಹಾಕಿದರು. “ನೆಲಕ್ಕೂ ಇದಕ್ಕೂ ಮಧ್ಯೆ ಇಲಿ ದಾಟಲ್ಲ ಕಣೆ. ಅದೂ ಈ ವಯಸ್ಸಿಗೆ ಕೆಂಪಾ?”

“ಕೆಂಪು ಕಾರಿಗೆ ರೀ, ನಂಗಲ್ಲ.”

“ಆಗ್ಲಿ. ಶುಂಠಿ ಕೀಳೋ ತನಕ ಇಟ್ಕೊ. ಆಮೇಲೆ ಇದನ್ನ ಕೊಟ್ಟು ಅವ್ವಂಗೆ ಅಂತ ಒಂದು ಎತ್ತರದ ಗಾಡಿ ತರೋದೆ.”

ಅತ್ತೆಗೆ ಎಂದ ಮೇಲೆ ಮುಗಿಯಿತು. ಅತ್ತೆ ಮಾತ್ರ ಬುಟ್ಟಿಯಲ್ಲಿ ನಿಂಬೆಹಣ್ಣು ತಂದು ನಾಲ್ಕು ಚಕ್ರದ ಅಡಿಗೂ ಒಂದೊಂದು ಇಟ್ಟು, ಐದನೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. “ಇದು ನಂಗೆ,” ಅಂದರು.

ಮಳೆಗಾಲವಿಡೀ ನಾನೂ ಆ ಕಾರೂ ಊರಿಗೂ ಅಂಗಡಿಗೂ ಓಡಾಡಿದೆವು. ಬೆಳಿಗ್ಗೆ ಡೈರಿಗೆ ಹಾಲು, ಆಮೇಲೆ ಹಿಂದಿನ ಸೀಟು ಮಡಚಿ ಬಟ್ಟೆಯ ಗಂಟು, ಬರುವಾಗ ಹಸುವಿನ ಹಿಂಡಿ ಮೂಟೆ, ಒಂದು ಸಲ ಪಕ್ಕದ ಮನೆಯ ಮದುವೆಗೆ ಬಾಡಿಗೆ ಪಾತ್ರೆ. ಡೈರಿಯ ಹತ್ತಿರ ಹಾಲಳೆಯುವವನು ದಿನಾ ಕೇಳುತ್ತಿದ್ದ, “ಏನಕ್ಕ, ರೇಸಿಗಾ?” “ಹೂಂ ಕಣಪ್ಪ, ಹಿಂಡಿ ಮೂಟೆ ಜೊತೆ.” ನಮ್ಮ ಹೊಲದ ದಾರಿಯಲ್ಲೊಂದು ದಿಬ್ಬ ಇದೆ. ಅಲ್ಲಿ ಕಾರಿನ ಹೊಟ್ಟೆ ತಾಗದಿರಲಿ ಎಂದು ಓರೆಯಾಗಿ, ಅಂಗಳಕ್ಕೆ ಕಾಲಿಡುವ ಹೊಸ ಸೊಸೆಯ ಹಾಗೆ ಒಂದೊಂದೇ ಚಕ್ರ ಇಡಿಸಬೇಕು. ರಸ್ತೆಯ ಗುಂಡಿಗಳೆಲ್ಲ ಬೆನ್ನಿಗೆ ಗೊತ್ತಾಗುತ್ತವೆ. ಅದೆಲ್ಲ ಇದ್ದದ್ದೇ. ಆದರೆ ಕೂಡಿಗೆ ಕಡೆಯಿಂದ ಬರುವಾಗ ರಸ್ತೆ ಖಾಲಿಯಿದ್ದು, ಎರಡನೇ ಗೇರಿನಿಂದ ಮೂರಕ್ಕೆ ಹಾಕಿ ಕಾಲು ಒತ್ತಿದರೆ ಆ ಕಾರು ಹಿಡಿದಿಟ್ಟ ಉಸಿರು ಬಿಟ್ಟಂತೆ ಮುಂದಕ್ಕೆ ಹೋಗುತ್ತಿತ್ತು. ಹೇಳಿದ ಕಡೆ ತಿರುಗುತ್ತಿತ್ತು, ಹೇಳಿದಷ್ಟೇ ತಿರುಗುತ್ತಿತ್ತು. ನಾನು ಬೇರೆಯವರಿಗೆ ಇಷ್ಟು ವರ್ಷದಿಂದ ಅಳತೆಗೆ ಸರಿಯಾಗಿ ಹೊಲಿದು ಕೊಟ್ಟಿದ್ದೇನೆ. ನನ್ನ ಅಳತೆಗೆ ಯಾರೋ ಹೊಲಿದುಕೊಟ್ಟ ಹಾಗೆ ಅನ್ನಿಸಿದ್ದು ಇದೇ ಮೊದಲು. ಎಷ್ಟೋ ಸಂಜೆ ಮನೆಯ ತಿರುವು ಬಂದರೂ ಮುಂದೆ ಹೋಗಿ, ಏನೋ ಮರೆತವಳ ಹಾಗೆ ತಿರುಗಿಸಿಕೊಂಡು ಬಂದಿದ್ದೇನೆ.

ಚಳಿ ಶುರುವಾದ ಮೇಲೆ ಅತ್ತೆಯನ್ನು ಕಣ್ಣು ತೋರಿಸಲು ಮಡಿಕೇರಿಗೆ ಕರೆದುಕೊಂಡು ಹೋಗಬೇಕಾಯಿತು. ಯಜಮಾನರು ಹೊಲದಲ್ಲಿ, ಬೇರೆ ಗಾಡಿ ಸಿಗಲಿಲ್ಲ. ಅತ್ತೆ ಉಪವಾಸ, ಪೇಪರ್, ನಿಂಬೆಹಣ್ಣು ಎಲ್ಲದರೊಂದಿಗೆ ಮುಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ನಾನು ಟವೆಲ್ ಹತ್ತಿರ ಇಟ್ಟುಕೊಂಡೆ. ಆನೆಕಾಡು ಬಂತು. ನನ್ನ ತೋಳು ಅವರ ಕೈಯನ್ನು ಕಾಯುತ್ತಿತ್ತು. ಒಂದು ತಿರುವು ಹೋಯಿತು, ಇನ್ನೊಂದು ಹೋಯಿತು.

“ಆ ಬೇಲಿ ನೋಡಿದ್ಯಾ?” ಅಂದರು ಅತ್ತೆ. “ಎಷ್ಟು ನೀಟಾಗಿ ಕಟ್ಟವ್ರೆ. ನಿನ್ನ ಗಂಡ ಕಟ್ಟಿರೋದು ಆಡು ನಗೋ ಹಂಗಿದೆ.”

ನಾನು ತಿರುಗಿ ನೋಡಿದೆ. ಕಣ್ಣು ಬಿಟ್ಟಿದ್ದರು. ನಿಂಬೆಹಣ್ಣು ಮಡಿಲಲ್ಲಿತ್ತು. ನಾನು ಏನಾದರೂ ಅಂದರೆ ಎಲ್ಲಿ ನೆನಪಾಗಿಬಿಡುತ್ತದೋ ಎಂದು ಹೆದರಿ ಬರೀ “ಹೂಂ ಅತ್ತೆ” ಅಂದೆ. ಸುಂಟಿಕೊಪ್ಪ ಬರುವಷ್ಟರಲ್ಲಿ ಬೇಲಿಯಿಂದ ನಮ್ಮ ಬಾವಿಗೆ, ಬಾವಿಯಿಂದ ನಾದಿನಿಯ ಮದುವೆಗೆ ಮಾತು ಬಂದಿತ್ತು. ಮಡಿಕೇರಿಯಲ್ಲಿ ಇಳಿದಾಗಲೇ ಅವರಿಗೆ ಗೊತ್ತಾದದ್ದು. ಕಾರಿನ ಬಾಗಿಲು ಹಿಡಿದು ನಿಂತು, ಹೊಟ್ಟೆಯ ಪೇಪರ್ ತೆಗೆದು ನೋಡಿ, “ಏನವ್ವ ಇದು, ನಂಗೆ ಹಸಿವಾಯ್ತದೆ,” ಅಂದರು.

ಆಮೇಲೆ ದಾರಿಯುದ್ದಕ್ಕೂ ಅದೇ ಮಾತು. “ಇದು ವಾಲಲ್ಲ ಕಣೆ. ಸೀಟು ಎರಡೂ ಪಕ್ಕ ಎದ್ದು ಹಿಡ್ಕೊಂಡದೆ. ಎಳೆ ಮಗೂನ ಮೊರದಲ್ಲಿ ಮಲಗಿಸ್ದಂಗೆ. ಆ ಮೆತ್ತನೆ ಗಾಡೀಲಿ ಹೊಟ್ಟೆಯೊಳಗಿರೋದು ಮಜ್ಜಿಗೆ ಕಡೆದಂಗೆ ಆಗೋದು.”

ಯಜಮಾನರು ನಂಬಲಿಲ್ಲ. “ಏನೂ ತಿಂದಿರ್ಲಿಲ್ಲ ಅದಕ್ಕೆ,” ಅಂದರು. ಅಷ್ಟು ಹೊತ್ತಿಗೆ ಶುಂಠಿ ಕಿತ್ತಾಗಿತ್ತು. ಎತ್ತರದ ಗಾಡಿಯೊಂದನ್ನು ನೋಡಿ, ಭಾನುವಾರ ಬಂದು ಕೆಂಪು ಕಾರು ನೋಡುವಂತೆ ಅದರ ಮಾಲೀಕನಿಗೆ ಹೇಳಿಯೂ ಆಗಿತ್ತು.

ಅವತ್ತು ಸಂಜೆ ಅತ್ತೆ ಫೋನು ಮಾಡಲಿಲ್ಲ. ಊಟಕ್ಕೆ ಕೂತಾಗ ಹೇಳಿದರು. “ಭಾನುವಾರ ಕಾರು ಕೊಡೋದಾದ್ರೆ ಶನಿವಾರ ನಾನು ಬಾಳೆಲೆಗೆ ಹೋಗ್ಬೇಕು. ಇದ್ರಲ್ಲೇ. ತಿಂದ್ಕೊಂಡೇ ಹೋಗ್ತೀನಿ. ಆಗಲಿಲ್ಲ ಅಂದ್ರೆ ನಿನ್ನಿಷ್ಟ ಕಣ್ಲಾ ಮಗ. ಆಯ್ತು ಅಂದ್ರೆ ನನ್ನಿಷ್ಟ.”

ಶನಿವಾರ ಬೆಳಿಗ್ಗೆ ಅವರು ಎರಡು ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದರು. ಪೇಪರ್ ಬಿಟ್ಟರು, ನಿಂಬೆಹಣ್ಣು ಮಾತ್ರ ಬಿಡಲಿಲ್ಲ. ಯಜಮಾನರು ಸಾಕ್ಷಿಗೆಂದು ಹಿಂದೆ ಕೂತರು. ಆರಡಿ ಆಳು, ಮಂಡಿ ಎದೆಗೆ ಬಂದಿತ್ತು. ಕೂತವರೇ ಫೋನಿನಲ್ಲಿ ಶುಂಠಿಯ ಸುದ್ದಿ ನೋಡಲು ತೊಡಗಿದರು. ನೆಲ್ಲಿಹುದಿಕೇರಿಯವರೆಗೆ ಅತ್ತೆಯ ಮಾತು ನಡೆದಿತ್ತು. ಕಾವೇರಿ ಸೇತುವೆ ದಾಟಿ, ಸಿದ್ದಾಪುರ ಕಳೆದು, ತೋಟದ ನಡುವಿನ ತಿರುವುಗಳಿಗೆ ಹೊರಳಿದ ಮೇಲೆ ಒಂದು ಟ್ರ್ಯಾಕ್ಟರ್ ಸಿಕ್ಕಿತು. ಅದರ ಮೇಲೆ ಕಾಫಿ ಹಣ್ಣಿನ ಮೂಟೆ. ಮುಂದೆ ಹೋಗಲು ಜಾಗವಿಲ್ಲ. ಅದು ತೆವಳಿದಂತೆ ನಾವೂ ತೆವಳಿದೆವು.

ಅತ್ತೆ ಸುಮ್ಮನಾದರು.

ನಾನು ಓರೆಗಣ್ಣಿನಲ್ಲಿ ನೋಡಿದೆ. ಮುಖ ಕಿಟಕಿಯ ಕಡೆಗಿತ್ತು, ಕೈ ನಿಂಬೆಹಣ್ಣಿನ ಮೇಲಿತ್ತು. ಮುಗಿಯಿತು ಅಂದುಕೊಂಡೆ. ನನ್ನ ಕಾರಿನ ಚಿಂತೆ ನಿಜವಾಗಿಯೂ ಆಗ ಬರಲಿಲ್ಲ. ಸಂಜೆಯ ಮಾತು ಮುಗಿದ ಮೇಲೆ ಅವರು ಫೋನು ಒರೆಸುತ್ತ ಕೂತಿರುತ್ತಿದ್ದದ್ದು ಕಣ್ಣಿಗೆ ಬಂತು. ಅಷ್ಟರಲ್ಲಿ ಕ್ಷೀಣವಾದ ದನಿ ಕೇಳಿತು.

“ಸ್ವಲ್ಪ ನಿಲ್ಸು.”

ಕಾರು ಪಕ್ಕಕ್ಕೆ ತೆಗೆದು, ಟವೆಲ್ ಎತ್ತಿಕೊಂಡು ಅತ್ತೆಯ ಕಡೆ ತಿರುಗಿದೆ. ಅವರು ಇನ್ನೂ ಹೊರಗೇ ನೋಡುತ್ತಿದ್ದರು. ತೋಟದಲ್ಲಿ ಹಣ್ಣು ಕೊಯ್ಯುತ್ತಿದ್ದ ಹೆಂಗಸರು ಸೀರೆಯ ಮೇಲೆ ಗಂಡಸರ ಶರಟು ತೊಟ್ಟಿದ್ದರು. “ಆ ಚೌಕಳಿ ಶರಟು ನೋಡೆ, ನಿನ್ನ ಗಂಡಂದು ಇದ್ದಂಗೇ ಇದೆ,” ಅಂದರು. “ಯಾಕೆ ನಿಲ್ಸಿದ್ದು?”

ಹಿಂದಿನ ಬಾಗಿಲು ತೆರೆದಿತ್ತು. ಯಜಮಾನರು ಚರಂಡಿಯ ಪಕ್ಕ ಬಗ್ಗಿದ್ದರು.

ಅತ್ತೆ ಇಳಿದು ಹೋಗಿ ಮಗನ ಬೆನ್ನು ನೀವಿದರು. ಅವರ ಮುಖದಲ್ಲಿ ಕನಿಕರ ಇತ್ತು, ಅದರ ಅಡಿಯಲ್ಲಿ ಇನ್ನೂ ಏನೋ ಇತ್ತು. “ತಗೊ, ಮೂಸು,” ಎಂದು ನಿಂಬೆಹಣ್ಣು ಕೈಗಿಟ್ಟರು. “ಫೋನು ನೋಡ್ಬಾರ್ದು ಕಣೋ ತಿರುವಲ್ಲಿ. ಬೇಕಾದ್ರೆ ಹೊಟ್ಟೆಗೆ ಪೇಪರ್ ಹುಡುಕ್ಲಾ?”

ಬಾಳೆಲೆಯಲ್ಲಿ ಚಿಕ್ಕತ್ತೆ ಕೋಲು ಹಿಡಿದು ಜಗಲಿಯ ತುದಿಗೆ ಬಂದು ನಿಂತಿದ್ದರು. ಚಾಪೆ ಹಾಸಿ, ದಿಂಬಿಟ್ಟು, ತಂಬಿಗೆಯಲ್ಲಿ ನೀರು, ಪಕ್ಕದಲ್ಲಿ ಗಂಜಿ. ಅಕ್ಕನಿಗೆ ಬೇಕಾದದ್ದೆಲ್ಲ ತಯಾರಿತ್ತು. ಅತ್ತೆ ಕಾರಿನಿಂದ ಇಳಿದು, ಸೀರೆ ಕೊಡವಿಕೊಂಡು, ನೆಟ್ಟಗೆ ನಡೆದು ಹೋದರು.

“ಮಲಿಕ್ಕೊ ಅಕ್ಕ ಮೊದ್ಲು,” ಅಂದರು ಚಿಕ್ಕತ್ತೆ.

“ನಾನ್ಯಾಕೆ ಮಲಿಕ್ಕೊಳ್ಲಿ? ಕೋಳಿ ಮಾಡಿಲ್ವಾ? ಗಂಜಿ ಯಾರಿಗೆ?”

ಅಷ್ಟು ಹೊತ್ತಿಗೆ ಯಜಮಾನರು ನನ್ನ ಭುಜ ಹಿಡಿದು ಬಂದು ಚಾಪೆಯ ಮೇಲೆ ಬಿದ್ದುಕೊಂಡರು. ಚಿಕ್ಕತ್ತೆ ಅಕ್ಕನನ್ನೂ ಅಕ್ಕನ ಮಗನನ್ನೂ ಒಮ್ಮೆ ನೋಡಿದರು. ಆಮೇಲೆ ಅಕ್ಕತಂಗಿಯರು ಕೈಕೈ ಹಿಡಿದುಕೊಂಡು ನಗಲು ತೊಡಗಿದರು. ನಗುತ್ತ ನಗುತ್ತ ಇಬ್ಬರಿಗೂ ಕಣ್ಣು ಒದ್ದೆಯಾಯಿತು. ಕೋಳಿ ಇನ್ನೂ ಹಿತ್ತಲಲ್ಲಿ ಓಡಾಡುತ್ತಿತ್ತು, ಊಟ ತಡವಾಯಿತು. ಅತ್ತೆ ಎರಡನೇ ಸಲ ಸಾರು ಹಾಕಿಸಿಕೊಂಡರು. ಗಂಜಿಯನ್ನು ಯಜಮಾನರು ಕುಡಿದರು.

ಹೊರಡುವ ಹೊತ್ತಿಗೆ ಚಿಕ್ಕತ್ತೆಯ ಬಟ್ಟೆಯ ಚೀಲವೂ ಬಂತು. ಕೆಳಗಿರುವ ಸೀಟಿಗೆ ಅವರು ಕುಂಡೆ ಊರಿ, ಕಾಲು ಒಂದೊಂದಾಗಿ ಒಳಗೆ ತಂದುಕೊಂಡರು. ಮೆಟ್ಟಿಲಿಲ್ಲ, ಹತ್ತುವುದಿಲ್ಲ. “ಇಳಿಯೋವಾಗ ಮೂರು ಜನ ಎಳೀಬೇಕು,” ಅಂದರು. ಮಂಡಿ ಚಾಚಬೇಕಲ್ಲ, ಅದಕ್ಕೆ ಮುಂದಿನ ಸೀಟು ಅವರಿಗೆ. ಯಾರಿಗೂ ಬಿಡದ ಆ ಸೀಟನ್ನು ಅತ್ತೆ ತಾವಾಗಿ ಬಿಟ್ಟುಕೊಟ್ಟು ಹಿಂದೆ ಬಂದರು. ಯಜಮಾನರು ಹಿಂದೆ ಕೂರುವ ಮಾತೇ ಇರಲಿಲ್ಲ. ಬೀಗದ ಕೈ ಅವರಿಗೆ ಕೊಟ್ಟು ನಾನು ಅತ್ತೆಯ ಪಕ್ಕ ಕೂತೆ.

ಅವರು ಆ ಕಾರನ್ನು ಅಂಗಳದಲ್ಲಿ ಸರಿಸಿದ್ದು ಬಿಟ್ಟರೆ ಓಡಿಸಿರಲಿಲ್ಲ. ಪೊನ್ನಂಪೇಟೆಯವರೆಗೆ ಮೊಟ್ಟೆಯ ಬುಟ್ಟಿ ಹೊತ್ತವರಂತೆ ಹೋದರು. ಗೋಣಿಕೊಪ್ಪದ ಆಚೆ, ಖಾಲಿ ರಸ್ತೆಯಲ್ಲಿ, ಒಂದು ತಿರುವಿನಲ್ಲಿ ತುಸು ಜೋರಾಗಿ ಬಿಟ್ಟು ನೋಡಿದರು. ಕನ್ನಡಿಯಲ್ಲಿ ಅವರ ಹುಬ್ಬು ಮೇಲೇರಿದ್ದು ಕಂಡಿತು. ತಾಯಿಯ ನೆನಪಾಗಿ ಮತ್ತೆ ನಿಧಾನ ಮಾಡಿದರು.

“ಯಾಕ್ಲಾ ಹಿಂಗೆ ತೆವಳ್ತೀಯ?” ಅಂದರು ಅತ್ತೆ ಹಿಂದಿನಿಂದ. “ಹೊಟ್ಟೆ ತೊಳಸ್ತದೆ. ನಿನ್ನ ಹೆಂಡ್ತಿ ಓಡಿಸ್ದಂಗೆ ಓಡ್ಸು.”

ಸೇತುವೆ ಬರುವ ಹೊತ್ತಿಗೆ ಮುಂದೆ ಕೂತ ತಂಗಿಯೂ ಹಿಂದೆ ಕೂತ ಅಕ್ಕನೂ ಮದುವೆಗೆ ಮುಂಚಿನ ಯಾವುದೋ ಜಾತ್ರೆಯ ಬಳೆಗಾಗಿ ಜಗಳವಾಡುತ್ತಿದ್ದರು. ಯಜಮಾನರು ಗೇರು ಬದಲಾಯಿಸುತ್ತ, ಯಾರಿಗೆ ಎನ್ನದೆ, “ನಾಳೆ ಅವ್ನಿಗೆ ಬರೋದು ಬೇಡ ಅಂತ ಹೇಳ್ಬೇಕು. ನೆನಪಿಸು,” ಅಂದರು. ನೆನಪಿಸುತ್ತೇನೆ ಅಂದೆ.

ನಿಂಬೆಹಣ್ಣು ಕೈಯಿಂದ ಕೈಗೆ ಬಂದು ಕೊನೆಗೆ ನನ್ನ ಮಡಿಲಲ್ಲಿತ್ತು. ಮಾರನೆಯ ದಿನ ಅದನ್ನೇ ಹಿಂಡಿ ಚಿತ್ರಾನ್ನ ಮಾಡಿದೆ. ಚಿಕ್ಕತ್ತೆಗೆ ಹುಳಿ ಸಾಲದಾಯಿತಂತೆ.